ಉತ್ತರಾಯಣ ಪುಣ್ಯಕಾಲವೂ ಕರಾವಳಿಯ ಶ್ರಾವಕರೂ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಮಕರ ಸಂಕ್ರಮಣವನ್ನು ಉತ್ತರಾಯಣ ಪುಣ್ಯಕಾಲವೆಂದು ಆಚರಿಸುವ ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ. ಜನವರಿ 14 ಅಥವಾ 15ರಂದು ಬರುವ ಈ ಪರ್ವದಲ್ಲಿ ಗೋಕರ್ಣದ ಕಡಲತೀರದಲ್ಲಿ ಸ್ನಾನಕ್ಕಾಗಿ ಜನ ಸೇರುತ್ತಾರೆ. ಅದರ ಹಿಂದಿನ ಒಂದು ತಿಂಗಳು ಧನುರ್ಮಾಸ. ಆಗ ದೇವಾಲಯಗಳಲ್ಲಿ ಸೂರ್ಯೋದಯಕ್ಕೆ ಮುನ್ನವೇ ಪೂಜೆ ನಡೆದು ಹುಗ್ಗಿಯ ನೈವೇದ್ಯವಾಗುತ್ತದೆ. ಮನೆಗಳಲ್ಲಿ ಹೆಂಗಸರು ಸಣ್ಣ ಉರಿಯ ಮೇಲೆ ಎಳ್ಳನ್ನು ಇಟ್ಟು, ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಹಾಕಿ, ಕೈಯಾಡಿಸುತ್ತ ಸಂಕ್ರಾಂತಿ ಕಾಳನ್ನು ಸಿದ್ಧಪಡಿಸುತ್ತಾರೆ. ಚಳಿ ಹೆಚ್ಚಿದಷ್ಟೂ ಕಾಳಿನ ಮೇಲೆ ಮುಳ್ಳು ಚೆನ್ನಾಗಿ ಏಳುತ್ತದೆ. ಹಬ್ಬದ ದಿನ ಅದನ್ನು ನೆರೆಹೊರೆಯವರಿಗೆ ಹಂಚಿ, ಒಳ್ಳೆಯ ಮಾತನಾಡುವಂತೆ ಪರಸ್ಪರ ಕೇಳಿಕೊಳ್ಳುವುದು ರೂಢಿ. ಜೈನ ಮನೆಗಳಿಗೂ ಈ ಕಾಳು ಬರುತ್ತದೆ. ಜೈನ ಮನೆಗಳಿಂದಲೂ ಹೋಗುತ್ತದೆ.

ಆದರೆ ಆಕಾಶದಲ್ಲಿ ಸೂರ್ಯನು ದಕ್ಷಿಣದ ಗತಿಯನ್ನು ಮುಗಿಸಿ ಉತ್ತರಕ್ಕೆ ತಿರುಗುವುದು ಸಂಕ್ರಮಣದ ದಿನವಲ್ಲ. ಅದು ಡಿಸೆಂಬರ್ 21 ಅಥವಾ 22ರಂದು, ಅಂದರೆ ಧನುರ್ಮಾಸದ ಮೊದಲ ವಾರದಲ್ಲಿಯೇ ನಡೆದುಹೋಗುತ್ತದೆ. ವರ್ಷದ ಅತ್ಯಂತ ಕಿರಿಯ ಹಗಲು ಅದೇ. ಆ ದಿನವನ್ನು ಕರಾವಳಿಯಲ್ಲಿ ಬೇರೆಯಾಗಿ ಗುರುತಿಸುವವರು ಇಲ್ಲವೆಂದೇ ಹೇಳಬಹುದು. ಇರಾನಿನ ಜನರು ಅಂದಿನ ರಾತ್ರಿಯನ್ನು ಯಲ್ದಾ ಎಂದು ಆಚರಿಸುತ್ತಾರೆ. ಚೀನೀಯರಿಗೂ ಅದು ಕುಟುಂಬ ಸೇರುವ ಹಬ್ಬ. ಭಾರತದಲ್ಲಿ ಮಾತ್ರ ಹೆಸರು ಉತ್ತರಾಯಣದ್ದು, ಆಚರಣೆ ಮಕರ ರಾಶಿಯ ಪ್ರವೇಶದ್ದು. ಎರಡಕ್ಕೂ ಈಗ ಸುಮಾರು 24 ದಿನಗಳ ಅಂತರವಿದೆ.

ಹೀಗಿರುವಾಗ ಶ್ರಾವಕನು ಯಾವ ದಿನವನ್ನು ಪುಣ್ಯಕಾಲವೆಂದು ಎಣಿಸಬೇಕು? ದಿನದಲ್ಲಿಯೇ ಪುಣ್ಯವಿದೆಯೆ? ಇಲ್ಲವಾದರೆ ಪ್ರಾಚೀನ ಜೈನ ಅರಸರೂ ದಂಡನಾಯಕರೂ ತಮ್ಮ ದಾನಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣವೆಂದು ಕಲ್ಲಿನಲ್ಲಿ ಏಕೆ ಕೊರೆಯಿಸಿದರು? ಈ ಪ್ರಶ್ನೆಗಳನ್ನು ಶಾಸ್ತ್ರ, ಶಾಸನ ಮತ್ತು ಕರಾವಳಿಯ ವ್ಯಾಪಾರದ ಇತಿಹಾಸ ಈ ಮೂರರ ಆಧಾರದಿಂದ ಪರಿಶೀಲಿಸುವುದು ಉಚಿತ.

ಶಾಸ್ತ್ರಗಳಲ್ಲಿ ಅಯನ

ಸೂರ್ಯನ ಗತಿಯನ್ನು ಜೈನಾಚಾರ್ಯರು ಎಷ್ಟು ಶ್ರದ್ಧೆಯಿಂದ ಗಣಿಸಿದ್ದಾರೆಂಬುದು ಶ್ರಾವಕರಲ್ಲಿಯೂ ಅನೇಕರಿಗೆ ತಿಳಿದಿಲ್ಲ. ಶ್ವೇತಾಂಬರ ಆಗಮಗಳಲ್ಲಿ ಸೂರ್ಯಪ್ರಜ್ಞಪ್ತಿ, ದಿಗಂಬರ ಪರಂಪರೆಯಲ್ಲಿ ಯತಿವೃಷಭರ ತಿಲೋಯಪಣ್ಣತ್ತಿ ಮತ್ತು ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರ ಈ ವಿಷಯವನ್ನು ವಿಸ್ತಾರವಾಗಿ ನಿರೂಪಿಸುತ್ತವೆ. ಅವುಗಳ ಪ್ರಕಾರ ಸೂರ್ಯನು ಸಂಚರಿಸುವ ಕ್ಷೇತ್ರದ ಅಗಲ 510 ಯೋಜನ ಮತ್ತು ಒಂದು ಯೋಜನದ 61 ಭಾಗಗಳಲ್ಲಿ 48 ಭಾಗ. ಅದರಲ್ಲಿ 180 ಯೋಜನ ಜಂಬೂದ್ವೀಪದಲ್ಲಿ, ಉಳಿದುದು ಲವಣಸಮುದ್ರದ ಮೇಲೆ. ಈ ಕ್ಷೇತ್ರದಲ್ಲಿ 184 ವೀಥಿಗಳಿವೆ. ಸೂರ್ಯನು ದಿನಕ್ಕೊಂದು ವೀಥಿಯಂತೆ ಸರಿಯುತ್ತ 183 ದಿನಗಳಲ್ಲಿ ಒಂದು ಅಯನವನ್ನು ಪೂರೈಸುತ್ತಾನೆ. ಒಳಗಿನ ವೀಥಿಯಲ್ಲಿರುವಾಗ ಹಗಲು 18 ಮುಹೂರ್ತ, ರಾತ್ರಿ 12 ಮುಹೂರ್ತ. ಹೊರಗಿನ ಕಡೆಯ ವೀಥಿಯನ್ನು ಮುಟ್ಟಿದಾಗ ಹಗಲು 12 ಮುಹೂರ್ತಕ್ಕೆ ಇಳಿದು ರಾತ್ರಿ 18 ಮುಹೂರ್ತವಾಗುತ್ತದೆ. ಅಲ್ಲಿಂದ ಸೂರ್ಯನು ಒಳಮುಖವಾಗಿ ತಿರುಗುವುದೇ ಉತ್ತರಾಯಣ.

ಮುಹೂರ್ತವೊಂದಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ. ಹಾಗಾದರೆ ಶಾಸ್ತ್ರೋಕ್ತವಾದ ಕಿರಿಯ ಹಗಲು 9 ಗಂಟೆ 36 ನಿಮಿಷ. ವೇದಾಂಗ ಜ್ಯೋತಿಷವೂ ಇದೇ ಪ್ರಮಾಣವನ್ನು ಹೇಳುತ್ತದೆ. ಇದು ಉತ್ತರ ದೇಶದ, ಸುಮಾರು 35 ಅಕ್ಷಾಂಶದ ಪ್ರದೇಶಗಳಿಗೆ ಹೊಂದುವ ಲೆಕ್ಕ. ಹೊನ್ನಾವರವು 14 ಅಕ್ಷಾಂಶದ ಸಮೀಪದಲ್ಲಿರುವುದರಿಂದ ಇಲ್ಲಿ ಅತ್ಯಂತ ಕಿರಿಯ ಹಗಲೂ ಹನ್ನೊಂದೂಕಾಲು ಗಂಟೆಗೆ ಕಡಿಮೆಯಾಗುವುದಿಲ್ಲ. ದೇಶಭೇದದಿಂದ ಹಗಲಿನ ಪ್ರಮಾಣವು ಬೇರೆಯಾಗುತ್ತದೆಂಬುದನ್ನು ಮನಸ್ಸಿನಲ್ಲಿಟ್ಟು ಗ್ರಂಥಗಳನ್ನು ಓದಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದಾಗಿ, ಜೈನ ಗಣನೆಯ ಐದು ವರ್ಷಗಳ ಯುಗವು ಉತ್ತರಾಯಣದಿಂದ ಪ್ರಾರಂಭವಾಗುವುದಿಲ್ಲ. ಶ್ರಾವಣ ಕೃಷ್ಣ ಪ್ರತಿಪದೆಯಂದು, ದಕ್ಷಿಣಾಯನದಿಂದ ಪ್ರಾರಂಭವಾಗುತ್ತದೆ. ವೀರಶಾಸನ ಜಯಂತಿಯ ತಿಥಿಯೂ ಅದೇ. ವೇದಾಂಗ ಜ್ಯೋತಿಷದ ಯುಗವಾದರೋ ಮಾಘದಲ್ಲಿ, ಉತ್ತರಾಯಣದಿಂದ ಮೊದಲಾಗುತ್ತದೆ. ಎರಡನೆಯದಾಗಿ, ಭರತ ಚಕ್ರವರ್ತಿಯು ಸೂರ್ಯವಿಮಾನದಲ್ಲಿರುವ ಜಿನಬಿಂಬವನ್ನು ಮಕರ ಸಂಕ್ರಮಣದಂದು ಅಯೋಧ್ಯೆಯಿಂದ ಕಂಡನೆಂಬ ಮಾತು ಸಮಾಜದಲ್ಲಿ ಪ್ರಚಾರದಲ್ಲಿದೆ. ಚಕ್ರವರ್ತಿಯ ದರ್ಶನದ ಪ್ರಸ್ತಾಪ ಶಾಸ್ತ್ರದಲ್ಲಿ ಇರುವುದು ನಿಜ. ಆದರೆ ಅದು ಸೂರ್ಯನು ಅತ್ಯಂತ ಒಳಗಿನ ವೀಥಿಯಲ್ಲಿದ್ದು, 47,263 ಯೋಜನ ಮತ್ತು 20ರಲ್ಲಿ 7 ಭಾಗದಷ್ಟು ದೂರದಿಂದ ಕಾಣುವ ಸಂದರ್ಭಕ್ಕೆ ಸೇರಿದುದು. ಅದು ಹಗಲು ಅತ್ಯಂತ ದೀರ್ಘವಾಗಿರುವ ಕಾಲ, ಮಕರದ್ದಲ್ಲ, ಕರ್ಕದ್ದು. ಭಕ್ತಿಯು ಕಥೆಯನ್ನು ಪ್ರಚಲಿತ ಹಬ್ಬದ ಕಡೆಗೆ ಎಳೆದುಕೊಂಡಿದೆ. ಒಟ್ಟಿನಲ್ಲಿ ಆಚಾರ್ಯರು ಅಯನವನ್ನು ಅಳೆದರು. ಅದನ್ನು ಪೂಜಿಸಲು ಹೇಳಲಿಲ್ಲ.

ಶಾಸನಗಳ ಸಾಕ್ಷ್ಯ

ಆದರೂ ಶಾಸನಗಳು ಬೇರೊಂದು ಚಿತ್ರವನ್ನು ತೋರಿಸುತ್ತವೆ. ಕ್ರಿ.ಶ. 980ರಲ್ಲಿ ಸವದತ್ತಿಯ ರಟ್ಟ ವಂಶದ ಶಾಂತಿವರ್ಮನು ತಾನು ಕಟ್ಟಿಸಿದ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ದಾನಮಾಡಿದನು. ಅವನ ತಾಯಿಯೂ ಅಷ್ಟೇ ಭೂಮಿಯನ್ನು ಕೊಟ್ಟಳು. ದಾನದ ಕಾಲವು ಉತ್ತರಾಯಣ ಸಂಕ್ರಮಣ. ಶ್ರವಣಬೆಳಗೊಳದ ಭಂಡಾರಿ ಬಸದಿಯ ಇತಿಹಾಸವೂ ಇಂಥದೇ. ಹೊಯ್ಸಳರ ಭಂಡಾರಿಯಾಗಿದ್ದ ಹುಳ್ಳನು ಕಟ್ಟಿಸಿದ ಈ ಚತುರ್ವಿಂಶತಿ ತೀರ್ಥಂಕರರ ಬಸದಿಗೆ ಮೊದಲನೆಯ ನರಸಿಂಹನು ಭವ್ಯಚೂಡಾಮಣಿ ಎಂಬ ಹೆಸರನ್ನಿತ್ತು ಸವಣೇರು ಗ್ರಾಮವನ್ನು ಬಿಟ್ಟುಕೊಟ್ಟನು. ಅದು ಶಕ ವರ್ಷ 1081, ಪುಷ್ಯ ಶುದ್ಧ ಚತುರ್ದಶಿ, ಶುಕ್ರವಾರ, ಉತ್ತರಾಯಣ ಸಂಕ್ರಮಣ. ಗಣಿಸಿ ನೋಡಿದರೆ ಇದು ಕ್ರಿ.ಶ. 1159ರ ಡಿಸೆಂಬರ್ 25ಕ್ಕೆ ಸರಿಯಾಗುತ್ತದೆ. ವಾರವೂ ತಿಥಿಯೂ ಹೊಂದುತ್ತವೆ.

ಡಿಸೆಂಬರ್ 25 ಎಂದೊಡನೆ ಅಂದು ಸಂಕ್ರಮಣವು ನಿಜವಾದ ಅಯನದ ದಿನಕ್ಕೆ ಅತಿ ಸಮೀಪದಲ್ಲಿತ್ತೆಂದು ಭಾವಿಸಬಾರದು. ಅದು ಯುರೋಪಿನ ಹಳೆಯ ಪಂಚಾಂಗದ ದಿನಾಂಕ. ಆ ಪಂಚಾಂಗದಲ್ಲಿ ಬೆಳೆದಿದ್ದ ದೋಷವನ್ನು ತಿದ್ದಲು 1582ರಲ್ಲಿ ಹತ್ತು ದಿನಗಳನ್ನು ಬಿಟ್ಟುಬಿಡಲಾಯಿತು. ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸಿದರು. ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದ ಕಾಲವದು. ಇಂದಿನ ಪಂಚಾಂಗದ ರೀತಿಯಲ್ಲಿ ಎಣಿಸಿದರೆ ಸವಣೇರಿನ ದಾನದ ದಿನ 1160ರ ಜನವರಿ 1 ಆಗುತ್ತದೆ. ಆಗ ಅಯನಕ್ಕೂ ಸಂಕ್ರಮಣಕ್ಕೂ ಹತ್ತು ಹನ್ನೊಂದು ದಿನಗಳ ಅಂತರವಿತ್ತು. ಅರವತ್ತು ಎಪ್ಪತ್ತು ವರ್ಷಗಳಿಗೆ ಒಂದು ದಿನದಂತೆ ಅದು ಹೆಚ್ಚುತ್ತ ಬಂದು ಈಗ 24 ದಿನಗಳಾಗಿದೆ. ಎರಡೂ ಒಂದೇ ದಿನ ಬರುತ್ತಿದ್ದುದು ಸಾವಿರದ ಐನೂರರಿಂದ ಸಾವಿರದ ಏಳುನೂರು ವರ್ಷಗಳ ಹಿಂದೆ. ಪುಣ್ಯವು ಸೂರ್ಯನು ತಿರುಗುವ ಕ್ಷಣದಲ್ಲಿಯೇ ಇರುವುದಾಗಿದ್ದರೆ, ಹುಳ್ಳನ ಬಸದಿಗೆ ಬಂದ ದಾನವೂ ಹತ್ತು ದಿನ ತಡವಾದ ದಾನವೆನ್ನಬೇಕಾಗುತ್ತಿತ್ತು. ಹಾಗೆಂದು ಯಾರೂ ಹೇಳಲಾರರು.

ಸೋಮದೇವರ ಆಕ್ಷೇಪ

ಈ ದಾನಗಳಿಗೆ ಮೊದಲೇ ಒಬ್ಬ ಜೈನಾಚಾರ್ಯರು ಇಂಥ ನಂಬಿಕೆಯನ್ನು ಖಂಡಿಸಿದ್ದರು. ಸೋಮದೇವಸೂರಿಗಳ ಯಶಸ್ತಿಲಕ ಚಂಪೂ ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಮುಗಿಯಿತು. ಅದರ ಉಪಾಸಕಾಧ್ಯಯನ ಭಾಗದಲ್ಲಿ ಲೋಕದ ಮೂಢತೆಗಳನ್ನು ಎಣಿಸುವಾಗ, ಸೂರ್ಯನಿಗೆ ಅರ್ಘ್ಯ ಕೊಡುವುದು, ಗ್ರಹಣದಲ್ಲಿ ಸ್ನಾನಮಾಡುವುದು ಇವುಗಳ ಜೊತೆಯಲ್ಲಿಯೇ ಸಂಕ್ರಾಂತಿಯಲ್ಲಿ ಹಣ ವ್ಯಯಮಾಡುವುದನ್ನೂ ಅವರು ಸೇರಿಸಿದ್ದಾರೆ. ಅವರಿಗಿಂತ ಬಹುಹಿಂದೆಯೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನದೀಸ್ನಾನ, ಸಮುದ್ರಸ್ನಾನಗಳಿಂದ ಧರ್ಮವಾಗುತ್ತದೆಂಬ ಭಾವನೆಯನ್ನು ಲೋಕಮೂಢತೆಯೆಂದು ಕರೆದಿದ್ದರು. ಕಡಲತೀರದಲ್ಲಿಯೇ ವಾಸಿಸುವ ಶ್ರಾವಕರಿಗೆ ಇದು ನೇರವಾಗಿ ಅನ್ವಯಿಸುವ ಮಾತು. ಇತರ ಮತದವರ ಆಚರಣೆಯನ್ನು ಹಳಿಯುವುದಕ್ಕಾಗಿ ಇದನ್ನು ಹೇಳಿದ್ದಲ್ಲ; ಸಮ್ಯಗ್ದರ್ಶನವನ್ನು ಹೊಂದಬಯಸುವವನು ತನ್ನ ಮನಸ್ಸನ್ನು ಪರೀಕ್ಷಿಸಿಕೊಳ್ಳಲೆಂದು ಹೇಳಿದ್ದು.

ಸೋಮದೇವರ ಗ್ರಂಥ ಮುಗಿದ 21 ವರ್ಷಗಳಲ್ಲಿ ಸವದತ್ತಿಯ ದಾನ ನಡೆಯಿತು. ಹಾಗಾದರೆ ಶಾಂತಿವರ್ಮನೂ, ಇನ್ನೂರು ವರ್ಷಗಳ ಬಳಿಕ ಹುಳ್ಳನೂ ಆಚಾರ್ಯವಾಕ್ಯವನ್ನು ಮೀರಿದರೆ? ಉತ್ತರವು ಸೋಮದೇವರ ಗ್ರಂಥದಲ್ಲಿಯೇ ಇದೆ. ಸಮ್ಯಕ್ತ್ವಕ್ಕೆ ಹಾನಿಯಾಗದಿದ್ದರೆ, ವ್ರತಕ್ಕೆ ದೋಷ ತಗಲದಿದ್ದರೆ, ಲೋಕದ ಎಲ್ಲ ವಿಧಿಗಳೂ ಜೈನರಿಗೆ ಪ್ರಮಾಣವೇ ಎಂಬ ಅಭಿಪ್ರಾಯವನ್ನು ಅವರೇ ಸ್ಪಷ್ಟಪಡಿಸಿದ್ದಾರೆ. ಸಂಕ್ರಮಣವೆಂಬ ಕಾರಣದಿಂದಲೇ ಪುಣ್ಯ ಬರುವುದೆಂದು ಹಣ ಸುರಿಯುವುದು ಮೂಢತೆ. ಸತ್ಪಾತ್ರಕ್ಕೆ, ಸದುದ್ದೇಶಕ್ಕೆ, ಲೋಕವೆಲ್ಲ ನೆನಪಿಡುವ ಒಂದು ದಿನದಲ್ಲಿ ದಾನವನ್ನು ವಿಧಿಸಿಡುವುದು ವಿವೇಕ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಭೇದವಿರುವುದು ದಾನಿಯ ಭಾವದಲ್ಲಿ ಮತ್ತು ದಾನದ ಬಳಕೆಯಲ್ಲಿ. ದಾನಶಾಸನಗಳು ಸಂವತ್ಸರ, ಮಾಸ, ತಿಥಿ, ವಾರ, ಸಂಕ್ರಮಣಗಳನ್ನು ಒಂದರ ಮೇಲೊಂದು ಹೇಳುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಎಂಟು ಒಂಬತ್ತು ಶತಮಾನಗಳ ಅನಂತರವೂ ಆ ದಿನವನ್ನು ಸಂದೇಹವಿಲ್ಲದೆ ಗೊತ್ತುಮಾಡಬಹುದು. ಕ್ರಯಪತ್ರಕ್ಕೆ ದಿನಾಂಕವಿದ್ದಂತೆ ದಾನಕ್ಕೆ ಸಂಕ್ರಮಣ.

ಕರಾವಳಿಯ ವರ್ತಕರು

ಶ್ರವಣಬೆಳಗೊಳದ ದಾನಪರಂಪರೆಯಲ್ಲಿ ಕರಾವಳಿಯ ಶ್ರಾವಕರಿಗೂ ಗಣ್ಯವಾದ ಪಾಲಿದೆ. ಅದಕ್ಕೆ ಕಾರಣ ಈ ಭಾಗದ ವ್ಯಾಪಾರ. ಮಳೆಗಾಲದಲ್ಲಿ ಪಶ್ಚಿಮ ಸಮುದ್ರವು ಹಡಗುಗಳಿಗೆ ಮುಚ್ಚಿರುತ್ತಿತ್ತು. ಮಳೆ ನಿಂತ ಮೇಲೆ ಸಾಗರ ಶಾಂತವಾಗಿ ಭಟ್ಕಳ, ಹೊನ್ನಾವರ, ಮಿರ್ಜಾನಗಳ ಬಂದರುಗಳು ತೆರೆಯುತ್ತಿದ್ದವು. ಮಾರ್ಗಶಿರ ಪುಷ್ಯಗಳ ಹೊತ್ತಿಗೆ ಗದ್ದೆಯ ಭತ್ತ ಕಣಜ ಸೇರಿ, ತೋಟದಲ್ಲಿ ಅಡಕೆಯ ಕೊಯ್ಲು ನಡೆದು, ಕಾಳುಮೆಣಸಿನ ಕೊಯ್ಲು ಮೊದಲಾಗುತ್ತದೆ. ಘಟ್ಟದ ಮೇಲಿನ ಸರಕು ಶರಾವತಿಯ ದಂಡೆಯ ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ ಹೋಗುತ್ತಿತ್ತು. ಒಕ್ಕಲಿಗನ ಕಣಜವೂ ವರ್ತಕನ ಕೈಯೂ ತುಂಬುವ ಕಾಲವು ಉತ್ತರಾಯಣದ ಆಸುಪಾಸಿನಲ್ಲಿಯೇ ಬರುವುದರಿಂದ, ಕೊಡಲು ಅನುಕೂಲವಾದ ಕಾಲವೂ ಅದೇ ಆಗಿದ್ದುದು ಸಹಜ.

ಗೇರುಸೊಪ್ಪೆಗೆ ನಗಿರೆ, ಕ್ಷೇಮಪುರ ಎಂಬ ಹೆಸರುಗಳೂ ಇದ್ದವು. ಇಲ್ಲಿಯ ಶ್ರಾವಕರ ದಾನದ ರೀತಿ ಇಂದಿಗೂ ಅಧ್ಯಯನಕ್ಕೆ ಯೋಗ್ಯ. 1412ರಲ್ಲಿ ಗೇರುಸೊಪ್ಪೆಯ ಹಿರಿಯಯ್ಯರ ಶಿಷ್ಯ ಗುಮ್ಮಟಣ್ಣನು ಶ್ರವಣಬೆಳಗೊಳಕ್ಕೆ ಬಂದು ಹಲವು ಬಸದಿಗಳ ಜೀರ್ಣೋದ್ಧಾರ ಮಾಡಿಸಿ, ಒಂದು ತಂಡದ ತಪಸ್ವಿಗಳಿಗೆ ಆಹಾರದಾನದ ಏರ್ಪಾಡು ಮಾಡಿದನು. ಅವನು ಹೊಸ ಬಸದಿಯನ್ನು ಕಟ್ಟಲಿಲ್ಲ, ಇದ್ದುದನ್ನು ಉಳಿಸಿದನು. 1539ರ ಶಾಸನಗಳಲ್ಲಿ ಗೇರುಸೊಪ್ಪೆಯ ಚವುಡಿಸೆಟ್ಟಿಯ ಹೆಸರು ಬರುತ್ತದೆ. ಬೆಳಗೊಳದ ಕಡೆಯವರು ತಮ್ಮ ಭೂಮಿಯನ್ನು ಸಾಲಕ್ಕೆ ಅಡವಿಟ್ಟಿದ್ದರು. ಅವನು ಆ ಅಡವನ್ನು ಬಿಡಿಸಿಕೊಟ್ಟನು. ಅದಕ್ಕೆ ಪ್ರತಿಯಾಗಿ ಅವರು ತಪಸ್ವಿಗಳ ತಂಡಕ್ಕೆ ಆಹಾರದಾನ ಮೊದಲಾದ ಧರ್ಮಕಾರ್ಯಗಳನ್ನು ನಡೆಯಿಸುವುದಾಗಿ ಒಪ್ಪಿದರು. ಒಂದೇ ದಾನದಿಂದ ಸಾಲಗಾರನ ಭೂಮಿ ಉಳಿಯಿತು, ತಪಸ್ವಿಗಳಿಗೆ ಆಹಾರ ದೊರೆಯಿತು, ವರ್ತಕನ ಪರಿಗ್ರಹವೂ ಕಡಿಮೆಯಾಯಿತು. ಪರಿಗ್ರಹಪರಿಮಾಣ ವ್ರತಕ್ಕೆ ಇದಕ್ಕಿಂತ ಸುಂದರವಾದ ಉದಾಹರಣೆಯನ್ನು ಹುಡುಕುವುದು ಕಷ್ಟ. ಸುಮಾರು 1560ರಲ್ಲಿ ಅಂಬವಣಶ್ರೇಷ್ಠಿಯು, ತನ್ನ ಅಜ್ಜ ಯೋಜನಶ್ರೇಷ್ಠಿ ಕಟ್ಟಿಸಿದ ನೇಮಿನಾಥ ಚೈತ್ಯಾಲಯದ ಮುಂದೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದನು. ಮೊಮ್ಮಗನು ಅಜ್ಜನ ಧರ್ಮವನ್ನು ಮುಂದುವರಿಸಿದನೇ ಹೊರತು ಅದಕ್ಕೆ ಪೋಟಿಯಾಗಿ ಬೇರೊಂದನ್ನು ಹೂಡಲಿಲ್ಲ.

ಈ ವೈಭವ ಬಹುಕಾಲ ನಿಲ್ಲಲಿಲ್ಲ. 1552ರಿಂದ 54 ವರ್ಷಗಳ ಕಾಲ ಆಳಿ, ಪೋರ್ಚುಗೀಸರಿಂದ ಮೆಣಸಿನ ರಾಣಿಯೆಂದು ಕರೆಯಿಸಿಕೊಂಡ ಚೆನ್ನಭೈರಾದೇವಿಯು 1606ರಲ್ಲಿ ಕೆಳದಿಯವರಿಗೆ ಸೆರೆಯಾದಳು. 1623ರಲ್ಲಿ ಹೊನ್ನಾವರದಿಂದ ನದಿಯ ಮಾರ್ಗವಾಗಿ ಗೇರುಸೊಪ್ಪೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡುದು ಹಾಳುಬಿದ್ದ ನಗರವನ್ನು. ನಾಲ್ಕು ದಿಕ್ಕುಗಳಿಗೂ ಬಾಗಿಲು ತೆರೆದ ಚತುರ್ಮುಖ ಬಸದಿಯು ಇಂದಿಗೂ ನಗರಬಸ್ತಿಕೇರಿಯ ಕಾಡಿನ ನಡುವೆ ನಿಂತಿದೆ. ಬಸದಿ ಉಳಿಯಿತು, ಅದನ್ನು ನಡೆಯಿಸುತ್ತಿದ್ದ ಪೇಟೆ ಉಳಿಯಲಿಲ್ಲ.

ಈ ಋತುವಿನ ಜೈನ ಪರ್ವ

ಕರಾವಳಿಯ ಬಸದಿಗಳಿಗೂ ಈ ಋತುವಿಗೂ ಸಂಕ್ರಮಣಕ್ಕಿಂತ ಹತ್ತಿರವಾದ ಸಂಬಂಧವೊಂದುಂಟು. ಭಟ್ಕಳದ ಜಟ್ಟಪ್ಪ ನಾಯಕನ ಬಸದಿ ಚಂದ್ರನಾಥಸ್ವಾಮಿಯದು. ಸಂಗೀತಪುರವೆಂದು ಪ್ರಸಿದ್ಧವಾದ ಹಾಡುವಳ್ಳಿಯಲ್ಲಿಯೂ ಚಂದ್ರನಾಥ ಬಸದಿಯಿದೆ. ಗೇರುಸೊಪ್ಪೆಯಲ್ಲಿ ಪಾರ್ಶ್ವನಾಥ ಬಸದಿಯಿದೆ. ದಿಗಂಬರ ಪರಂಪರೆಯಂತೆ ಎಂಟನೆಯ ತೀರ್ಥಂಕರ ಚಂದ್ರಪ್ರಭರೂ ಇಪ್ಪತ್ತಮೂರನೆಯ ಪಾರ್ಶ್ವನಾಥರೂ ಜನಿಸಿದ್ದು ಪೌಷ ಕೃಷ್ಣ ಏಕಾದಶಿಯಂದು. ಕರ್ನಾಟಕದ ಪಂಚಾಂಗದಲ್ಲಿ ಅದು ಮಾರ್ಗಶಿರ ಬಹುಳ ಏಕಾದಶಿಯಾಗುತ್ತದೆ. ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಿಂದ ಜನವರಿಯ ಮೊದಲ ವಾರದೊಳಗೆ ಬರುತ್ತದೆ. ಹೀಗೆ ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವ ದಿನಗಳು, ಈ ಬಸದಿಗಳ ಮೂಲನಾಯಕರ ಜನ್ಮಕಲ್ಯಾಣದ ದಿನಗಳ ಆಸುಪಾಸಿನಲ್ಲಿಯೇ ಇವೆ. ಪುಣ್ಯಕಾಲವನ್ನು ಹುಡುಕುವ ಶ್ರಾವಕನು ರಾಶಿಚಕ್ರದವರೆಗೆ ಹೋಗಬೇಕಾಗಿಲ್ಲ. ತನ್ನ ಊರಿನ ಬಸದಿಯ ಗರ್ಭಗೃಹದವರೆಗೆ ಹೋದರೆ ಸಾಕು.

ಕಿರಿಯ ಹಗಲೂ ರಾತ್ರಿಭೋಜನತ್ಯಾಗವೂ

ಈ ಕಾಲವು ಶ್ರಾವಕನ ನಿತ್ಯಜೀವನವನ್ನು ಮುಟ್ಟುವುದು ಊಟದ ಹೊತ್ತಿನಲ್ಲಿ. ಸೂರ್ಯೋದಯದ ಬಳಿಕ ಎರಡು ಘಳಿಗೆ, ಸೂರ್ಯಾಸ್ತಕ್ಕೆ ಮುನ್ನ ಎರಡು ಘಳಿಗೆ ಬಿಟ್ಟು ನಡುವಿನ ಹಗಲಿನಲ್ಲಿ ಆಹಾರ ಸ್ವೀಕರಿಸಬೇಕೆಂಬುದು ಶ್ರಾವಕಾಚಾರದ ಉತ್ತಮ ವಿಧಿ. ಡಿಸೆಂಬರ್ 21ರ ಸುಮಾರಿಗೆ ಹೊನ್ನಾವರದಲ್ಲಿ ಸೂರ್ಯೋದಯ 6 ಗಂಟೆ 50 ನಿಮಿಷದ ಹೊತ್ತಿಗೆ, ಸೂರ್ಯಾಸ್ತ 6 ಗಂಟೆ 10 ನಿಮಿಷದ ಹೊತ್ತಿಗೆ ಆಗುತ್ತದೆ. ಹಾಗಾದರೆ ಸಂಜೆಯ ಊಟವು 5 ಗಂಟೆ 20 ನಿಮಿಷದೊಳಗೆ ಮುಗಿಯಬೇಕು. ವಿಶೇಷವೇನೆಂದರೆ, ಹಗಲು ಅತ್ಯಂತ ಕಿರಿದಾಗಿರುವ ದಿನವೇ ಸೂರ್ಯನು ಅತ್ಯಂತ ಬೇಗ ಮುಳುಗುವ ದಿನವಲ್ಲ. ಅತ್ಯಂತ ಬೇಗ ಮುಳುಗುವುದು ನವೆಂಬರ್ ತಿಂಗಳ ಉತ್ತರಾರ್ಧದಲ್ಲಿ, ಸುಮಾರು 6 ಗಂಟೆಗೆ. ಅತ್ಯಂತ ತಡವಾಗಿ ಉದಯಿಸುವುದು ಜನವರಿಯ ಉತ್ತರಾರ್ಧದಲ್ಲಿ, ಸುಮಾರು 7 ಗಂಟೆಗೆ. ಸಂಕ್ರಮಣದ ದಿನಕ್ಕಾಗಲೇ ಸೂರ್ಯಾಸ್ತವು 6 ಗಂಟೆ 20 ನಿಮಿಷಕ್ಕೆ ಸರಿದಿರುತ್ತದೆ. ವ್ರತಿಗೆ ಕಠಿಣವಾದ ಸಂಜೆಗಳು ಅಷ್ಟರಲ್ಲಿ ಕಳೆದಿರುತ್ತವೆ.

ಅಂಗಡಿಯನ್ನು ನಡೆಯಿಸುವವನಿಗೆ ಸಂಜೆ 5 ಗಂಟೆಯೆಂದರೆ ಗಿರಾಕಿಗಳು ಬರುವ ಹೊತ್ತು. ಕಚೇರಿಯಲ್ಲಿ ದುಡಿಯುವವನು ಆಗ ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ. ವಿದ್ಯಾರ್ಥಿಯು ದಾರಿಯಲ್ಲಿರುತ್ತಾನೆ. ದೀರ್ಘವಾದ ಹಗಲಿನಲ್ಲಿ ಸುಲಭವಾಗಿದ್ದ ವ್ರತವು ಕಾರ್ತಿಕದಿಂದ ಪುಷ್ಯದವರೆಗೆ ನಿಜವಾದ ವ್ರತವಾಗುತ್ತದೆ. ಮಧ್ಯಾಹ್ನದ ಬುತ್ತಿಯ ಜೊತೆಗೆ ಸಂಜೆಯ ಬುತ್ತಿಯನ್ನೂ ಒಯ್ಯುವ, ಇಲ್ಲವೆ ಒಪ್ಪೊತ್ತಿನ ಊಟದಲ್ಲಿ ತೃಪ್ತರಾಗುವ ಕುಟುಂಬಗಳು ಇವೆ. ಕಡಲಿಗೆ ಇಳಿದು ಒಂದು ಸಲ ಮುಳುಗುವುದು ಸುಲಭ. ಮೂರು ತಿಂಗಳು ಗಡಿಯಾರವನ್ನು ನೋಡಿ ಊಟಮಾಡುವುದು ಸುಲಭವಲ್ಲ. ವಿದ್ಯುದ್ದೀಪದ ಬೆಳಕಿನಲ್ಲಿ ಕ್ರಿಮಿಕೀಟಗಳು ಕಾಣುತ್ತವೆಯೆಂಬ ವಾದವೂ ಸಾಲದು. ದೀಪವು ಅವುಗಳನ್ನು ಓಡಿಸುವುದಿಲ್ಲ, ಕರೆಯುತ್ತದೆ.

ಸಂಕ್ರಾಂತಿ ಕಾಳಿನ ವಿಷಯದಲ್ಲಿಯೂ ಇದೇ ದೃಷ್ಟಿ ಇರಬೇಕು. ಸೋಸಿದ ನೀರಿನಿಂದ, ಹಗಲಿನಲ್ಲಿ, ಪಾಕಕ್ಕೆ ಇರುವೆ ನೊಣಗಳು ಬೀಳದಂತೆ ಮಾಡಿದ ಕಾಳನ್ನು ಹಂಚುವುದಕ್ಕೆ ಯಾವ ಬಾಧಕವೂ ಇಲ್ಲ. ಒಳ್ಳೆಯ ಮಾತನಾಡುವುದು ಸತ್ಯಾಣುವ್ರತದ ಒಂದು ಅಂಗವೇ ಆಗಿದೆ. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರು, ಲೆಕ್ಕದ ಜಗಳದಲ್ಲಿ ದೂರವಾದ ಪಾಲುಗಾರರು ಒಂದು ಚಿಟಿಕೆ ಎಳ್ಳಿನ ನೆಪದಲ್ಲಿ ಒಬ್ಬರ ಮನೆಯ ಮೆಟ್ಟಿಲನ್ನು ಇನ್ನೊಬ್ಬರು ಹತ್ತಿದರೆ, ಆ ಲೌಕಿಕ ವಿಧಿಯು ಸೋಮದೇವರು ಒಪ್ಪಿದ ಬಗೆಯದು.

ಕೊಟ್ಟವರು ಮತ್ತು ಕಾಯ್ದವರು

ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ: ತಾನು ಕೊಡುವುದಕ್ಕಿಂತ, ಇನ್ನೊಬ್ಬರು ಕೊಟ್ಟುದನ್ನು ಕಾಪಾಡುವುದು ಹೆಚ್ಚಿನ ಪುಣ್ಯ. ದಾನ ಮಾಡಿದವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಅನಂತರ ಶತಮಾನಗಳ ಕಾಲ ಅದನ್ನು ಕಾಯ್ದವರ ಹೆಸರು ಎಲ್ಲಿಯೂ ಇರುವುದಿಲ್ಲ. ಆದುದರಿಂದಲೇ ಅವರ ಪುಣ್ಯ ದೊಡ್ಡದೆಂದು ಹಿರಿಯರು ಹೇಳಿರಬೇಕು.

ಬಸದಿಗಳ ಟ್ರಸ್ಟುಗಳಿಗೆ ಈ ಮಾತು ಇಂದು ಅತ್ಯಗತ್ಯವಾಗಿ ಬೇಕಾಗಿದೆ. ಪೂರ್ವಕಾಲದಲ್ಲಿ ದಾನವು ಹೆಚ್ಚಾಗಿ ಭೂಮಿಯ ರೂಪದಲ್ಲಿತ್ತು. ಅಕ್ಕಿಯ ಬೆಲೆ ಏರಿದರೆ ಭೂಮಿಯ ಹುಟ್ಟುವಳಿಯ ಬೆಲೆಯೂ ಏರುತ್ತಿತ್ತು, ನೈವೇದ್ಯ ನಿಲ್ಲುತ್ತಿರಲಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿಗೆ ಕೊಟ್ಟ ಭೂಮಿಗಳು ಉಳುವವರ ಪಾಲಾದವು. ಬೆವರು ಸುರಿಸಿದವನಿಗೆ ನೆಲ ದೊರೆತುದಕ್ಕೆ ಅಪರಿಗ್ರಹವನ್ನು ನಂಬಿದವರು ದುಃಖಿಸಬೇಕಾಗಿಲ್ಲ. ಆದರೆ ಬಸದಿಯ ಖರ್ಚಿಗೆ ಬೇರೆ ಆಧಾರ ಬೇಕಾಯಿತು. ಆ ಸ್ಥಾನಕ್ಕೆ ಬಂದುದು ಶಾಶ್ವತ ಪೂಜಾನಿಧಿ. ಒಬ್ಬ ಶ್ರಾವಕನು ತಂದೆಯ ಹೆಸರಿನಲ್ಲಿ ವರ್ಷಕ್ಕೊಂದು ಪೂಜೆಗಾಗಿ 500 ರೂಪಾಯಿ ಠೇವಣಿ ಇಟ್ಟನೆಂದು ಭಾವಿಸೋಣ. ಶೇಕಡಾ 10ರಂತೆ ಬಂದರೂ ಬಡ್ಡಿ 50 ರೂಪಾಯಿ. ಅಂದು ಅದು ಅಭಿಷೇಕದ ಹಾಲಿಗೂ ಹೂವಿಗೂ ಅರ್ಚಕರ ದಕ್ಷಿಣೆಗೂ ಸಾಕಾಗುತ್ತಿತ್ತು. ಇಂದು ಅದು ಅಷ್ಟಕ್ಕೆಲ್ಲ ಸಾಲುವುದಿಲ್ಲ. ಫಲಕದಲ್ಲಿ ಶಾಶ್ವತವೆಂದು ಬರೆದಿದೆ. ಲೆಕ್ಕದ ಪುಸ್ತಕ ಬೇರೆ ಹೇಳುತ್ತದೆ. ದಾನಿಗೆ ಕೊಟ್ಟ ಮಾತು ಹೀಗೆ ಸದ್ದಿಲ್ಲದೆ ಮುರಿಯುತ್ತದೆ. ಇದರಲ್ಲಿ ಯಾರೊಬ್ಬರ ಅಪರಾಧವೂ ಇಲ್ಲದಿರಬಹುದು. ಆದರೆ ತಿಳಿದೂ ತಿದ್ದದಿದ್ದರೆ ಅದು ಪ್ರಮಾದ. ಒಂದು ಉದ್ದೇಶಕ್ಕೆ ಬಂದ ಹಣವನ್ನು ಇನ್ನೊಂದಕ್ಕೆ ತಿರುಗಿಸಿದರೆ ಅದು ಅಚೌರ್ಯವ್ರತಕ್ಕೆ ಅತಿಚಾರ. ದೇವದ್ರವ್ಯದ ವಿಷಯದಲ್ಲಿ ಆಚಾರ್ಯರು ತೋರಿದ ಭಯವು ಅತಿಶಯೋಕ್ತಿಯಲ್ಲ.

ಹಾಗಾದರೆ ಉತ್ತರಾಯಣವನ್ನು ಗುರುತಿಸುವುದಕ್ಕೆ ಒಂದು ಜೈನ ರೀತಿ ಸಾಧ್ಯ. ವರ್ಷಕ್ಕೊಮ್ಮೆ, ಚಂದ್ರನಾಥ ಪಾರ್ಶ್ವನಾಥರ ಜನ್ಮಕಲ್ಯಾಣದಂದಾಗಲಿ, ಊರಿನವರೆಲ್ಲ ಬಿಡುವಾಗಿರುವ ಸಂಕ್ರಮಣದಂದಾಗಲಿ, ಪ್ರತಿಯೊಂದು ಬಸದಿಯಲ್ಲಿ ಪೂಜೆಯಾದ ಮೇಲೆ ದತ್ತಿಗಳ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಯಾರು ಕೊಟ್ಟರು, ಯಾವುದಕ್ಕೆ ಕೊಟ್ಟರು, ಈ ವರ್ಷ ಅದು ನಡೆಯಿತೆ, ನಡೆಯದಿದ್ದರೆ ಎಷ್ಟು ಕೊರತೆ, ಇವಿಷ್ಟನ್ನು ಹೇಳಿದರೆ ಸಾಕು. ಹೊಸ ಫಲಕ ಹಾಕಿಸುವ ಮುನ್ನ ಹಳೆಯ ಫಲಕದ ಮಾತನ್ನು ತುಂಬಿಕೊಡಲು ಗುಮ್ಮಟಣ್ಣನಂಥ ಒಬ್ಬಿಬ್ಬರು ಮುಂದೆ ಬಂದಾರು. ಸಾಲದಲ್ಲಿ ಸಿಲುಕಿದ ನೆರೆಯವನೊಬ್ಬನ ನೆಲವನ್ನು ಬಿಡಿಸಿಕೊಡಲು ಚವುಡಿಸೆಟ್ಟಿಯಂಥ ಒಬ್ಬನು ಮನಸ್ಸು ಮಾಡಿಯಾನು.

ಶಕ 1081ರಲ್ಲಿ ಸಂಕ್ರಮಣವು ಅಯನಕ್ಕಿಂತ ಹತ್ತು ದಿನ ಹಿಂದೆ ಉಳಿದಿತ್ತು. ಈಗ 24 ದಿನ ಹಿಂದಿದೆ. ಮುಂದಿನ ತಲೆಮಾರುಗಳಿಗೆ ಇನ್ನೂ ಹಿಂದೆ ಸರಿಯುತ್ತದೆ. ಸೂರ್ಯನ ಗತಿಯನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ದಾನಿಗೆ ಕೊಟ್ಟ ಮಾತು ಮಾತ್ರ ಸರಿಯದಂತೆ ನೋಡಿಕೊಳ್ಳುವುದು ಶ್ರಾವಕರ ಕೈಯಲ್ಲಿದೆ. ಯಾವ ದಿನ ಆ ಕೆಲಸ ನಡೆಯುವುದೋ ಆ ದಿನವೇ ಪುಣ್ಯಕಾಲ.